ಸಮಾಧಾನಲೆ ಕುಡದ

ಮಿಲ್ಲಿನ ಅಂಗಳದ ನಲ್ಲಿಯಲ್ಲಿ ನೀರು ನಿಂತು ಹನ್ನೆರಡು ದಿನವಾಗಿತ್ತು. ರಾಯಚೂರಿನ ಮೇ ತಿಂಗಳು. ಬೇಯಿಸಿದ ಭತ್ತವನ್ನು ಸಿಮೆಂಟು ಕಣದಲ್ಲಿ ಹರವಿ, ಎಂಟು ಹೆಂಗಸರು ಸಾಲಾಗಿ ಬರಿಗಾಲು ಎಳೆಯುತ್ತ ನಡೆಯುತ್ತಿದ್ದರು. ಹಾಗೆ ಕಾಲಿನಿಂದ ಗೆರೆ ಎಳೆದರೇ ಅಡಿಯ ಕಾಳು ಮೇಲೆ ಬರುವುದು. ಅರ್ಧ ತಾಸು ಬಿಟ್ಟರೆ ಕಾಳು ಬಿರಿದು, ಅಕ್ಕಿಯ ಬದಲು ನುಚ್ಚು ಬೀಳುತ್ತದೆ. ಚಪ್ಪಲಿ ಹಾಕಿದರೆ ಕಾಳು ಒಡೆಯುತ್ತದಂತೆ. ಹೆಂಗಸರ ಅಂಗಾಲು ಒಡೆದರೆ ಯಾರಿಗೂ ನಷ್ಟವಿಲ್ಲ.

ತಿಮ್ಮವ್ವ ಆ ಸಾಲಿನ ಮೊದಲನೆಯವಳು. ದೇವದುರ್ಗದ ಕಡೆಯ ಗೂಗಲ್ ಎಂಬ ಊರಿನವಳು. ಕೃಷ್ಣೆಯ ದಂಡೆಯ ಮೇಲೆ ಹುಟ್ಟಿದವಳಿಗೆ ಒಂದು ಕೊಡ ನೀರಿಗಾಗಿ ಹಲ್ಲು ಗಿಂಜುವ ಕಾಲ ಬಂದಿತ್ತು. ಮನೆಯಿಂದ ತಂದದ್ದು ಹನ್ನೊಂದಕ್ಕೇ ಮುಗಿಯುತ್ತಿತ್ತು. ಮೂರು ಸಲ ಮಿಲ್ಲಿನ ಸಾವ್ಕಾರನಿಗೆ ಹೇಳಿ ಬಂದಿದ್ದಳು.

"ಬರ್ತದ ತಡಿ. ನೀರೇನು ನನ್ನ ಕಿಸೆದಾಗ ಅದ ಏನು?" ಅಂದಿದ್ದ ಅವನು. ಅವನ ಆಫೀಸಿನ ಕೂಲರಿಗೆ ಮಾತ್ರ ದಿನಾ ನೀರು ಬರುತ್ತಿತ್ತು.

ಮಂಗಳವಾರ ಕಾರ್ಮಿಕ ಇಲಾಖೆಯ ಸಾಹೇಬರೊಬ್ಬರು ಟಿವಿಯವರನ್ನು ಕಟ್ಟಿಕೊಂಡು ಮಿಲ್ಲಿಗೆ ಬಂದರು. ಬಿಸಿಲಿನಲ್ಲಿ ಕೂಲಿಗಳಿಗೆ ಏನೇನು ಅನುಕೂಲ ಮಾಡಿದ್ದಾರೆಂದು ನೋಡುವುದು ಅವರ ಕೆಲಸ. ನೆರಳಿನಲ್ಲಿ ನಿಂತು, ತಂಪೋತ್ರಿ ಕಂಪನಿಯ ನೀರಿನ ಬಾಟಲಿ ಹಿಡಿದು, "ಎಲ್ಲಾ ವ್ಯವಸ್ಥೆ ಚೆನ್ನಾಗಿದೆ" ಎಂದು ಕ್ಯಾಮೆರಾದ ಮುಂದೆ ಹೇಳುತ್ತಿದ್ದರು. ಅಷ್ಟರಲ್ಲಿ ಅವರ ಹಿಂದೆಯೇ ಹಮಾಲಿ ಹಂಪಯ್ಯ ಚೀಲದ ಸಮೇತ ಕುಸಿದ.

ತಿಮ್ಮವ್ವ ಓಡಿದಳು. ನೀರಿಗಾಗಿ ಅತ್ತಿತ್ತ ನೋಡಿದಳು. ಕಂಡದ್ದು ಒಂದೇ ಬಾಟಲಿ. ಸಾಹೇಬರ ಕೈಯಿಂದ ಅದನ್ನು ಕಿತ್ತುಕೊಂಡು ಹಂಪಯ್ಯನ ಬಾಯಿಗೆ ಹಿಡಿದಳು.

"ನಿಮ್ಮ ಕೈಯಾಗ ನೀರು, ನಮ್ಮ ನಲ್ಲ್ಯಾಗ ಗಾಳಿ. ಹನ್ನೆರಡು ದಿನ ಆತು. ಇದನ್ನ ಬರ್ಕೋರಿ ಸಾಹೇಬ್ರ," ಅಂದಳು.

ಕ್ಯಾಮೆರಾ ಎಲ್ಲವನ್ನೂ ಹಿಡಿಯಿತು. ನೀರು ಮಾತ್ರ ಹಂಪಯ್ಯನ ಕಟಬಾಯಿಯಿಂದ ಹೊರಗೆ ಹರಿದು ಭತ್ತದೊಳಗೆ ಇಂಗಿತು. ಆಸ್ಪತ್ರೆ ಮುಟ್ಟುವ ಮೊದಲೇ, ಆಟೋದಲ್ಲಿ, ತಿಮ್ಮವ್ವನ ತೊಡೆಯ ಮೇಲೆ ಅವನ ಪ್ರಾಣ ಹೋಯಿತು.

ಅವನ ಹೆಂಡತಿ ದುರ್ಗವ್ವ ಅಂದು ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದಳು. ಬಸ್ಸು ಹತ್ತಿ ಬಂದು ಇಳಿದಾಗ ಹೊತ್ತು ಮುಳುಗುತ್ತಿತ್ತು. ಅಳುವುದಕ್ಕೂ ಮೊದಲು ಕೇಳಿದ ಮಾತು ಒಂದೇ.

"ತಿಮ್ಮೀ, ಬಾಯಿಗಿ ನೀರು ಬಿತ್ತೇನ?"

ಈ ಮಾತಿಗೆ ನಮ್ಮ ಜನರಲ್ಲಿ ಒಂದೇ ಉತ್ತರ. ಗಂಗೆ ಕಾಣದೆ ಸತ್ತವನ ಜೀವ ಅಲೆಯುತ್ತದೆ ಅನ್ನುತ್ತಾರೆ. ಅದಕ್ಕೇ, ಒಂದು ಹನಿಯೂ ಗಂಟಲಿಗೆ ಇಳಿಯದಿದ್ದರೂ ಇಳಿಯಿತು ಅನ್ನಬೇಕು. ಸುಳ್ಳಾದರೂ ಪಾಪವಿಲ್ಲ. ತಿಮ್ಮವ್ವ ಬಾಯಿ ತೆರೆಯುವಷ್ಟರಲ್ಲಿ, ಜೊತೆಗೆ ಕಣ ತುಳಿಯುವ ದಿಲ್ಶಾದ್ ತನ್ನ ಫೋನು ತಂದು ಅವಳ ಕಿವಿಗಿಟ್ಟಳು.

"ಟಿವಿ ನೋಡಿ ಮಾಡ್ಯಾರ ಕಾಣ್ತದ, ಮಾತಾಡಬೇ."

ಆ ಕಡೆಯವನ ದನಿ ನಯವಾಗಿತ್ತು. "ಯವ್ವಾ, ಚಲೋ ಕೆಲಸ ಮಾಡೀರಿ ನೀವು. ಒಂದೇ ಮಾತು ಕೇಳ್ತೀನಿ. ಅವ್ರು ನೀರು ಕುಡದ್ರಾ?"

ಎದುರಿಗೆ ದುರ್ಗವ್ವ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಅವಳ ಮುಖ ನೋಡುತ್ತಲೇ ತಿಮ್ಮವ್ವ ಫೋನಿಗೆ ಹೇಳಿದಳು.

"ಕುಡದನ್ರಿ. ಸಮಾಧಾನಲೆ ಕುಡದ."

ದುರ್ಗವ್ವ ಆಗ ಕೂತಳು, ಆಗ ಅತ್ತಳು.

ಫೋನು ಮಾಡಿದವನ ಹೆಸರು ಸುಭಾಷ್. ಮಾನ್ವಿಯವನು, ತಂಪೋತ್ರಿಯ ಪ್ರಚಾರದ ಆಳು. ಎಲ್ಲಿ ಏನೇ ನಡೆಯಲಿ, ಯಾರೇ ಗೆಲ್ಲಲಿ, ಯಾರೇ ಬೀಳಲಿ, ಜನ ಅದರ ಮಾತು ಮುಗಿಸುವುದರೊಳಗೆ ಅದಕ್ಕೆ ಕಂಪನಿಯ ಹೆಸರು ಅಂಟಿಸುವುದು ಅವನ ಉದ್ಯೋಗ. ಉರಿಯುವ ಮನೆಯಲ್ಲಿ ಗಳ ಹಿರಿಯುವುದಕ್ಕೂ ಈಗ ಸಂಬಳ ಸಿಗುತ್ತದೆ.

ಮರುದಿನ ಮಣ್ಣು ಮಾಡಿ ಬರುವಷ್ಟರಲ್ಲಿ ಎಲ್ಲರ ಫೋನಿನಲ್ಲಿ ಒಂದೇ ವಿಡಿಯೋದ ಆಟ. ತಿಮ್ಮವ್ವನ ಕೈ ಸಾಹೇಬರ ಬಾಟಲಿ ಕಿತ್ತುಕೊಳ್ಳುತ್ತದೆ. ನಲ್ಲಿಯ ಮಾತಿಗೆ ಕತ್ತರಿ. ಆಮೇಲೆ ಕಾರ್ಟೂನು ಗೊಂಬೆಯಾದ ಹಂಪಯ್ಯ ಎದ್ದು ಕೂತು ನಗುತ್ತಾನೆ. ಕೊನೆಗೆ, ಫೋನಿನಲ್ಲಿ ಹಿಡಿದಿಟ್ಟ ತಿಮ್ಮವ್ವನದೇ ದನಿ: "ಕುಡದನ್ರಿ. ಸಮಾಧಾನಲೆ ಕುಡದ." ಕೆಳಗೆ ತಂಪೋತ್ರಿ.

ಮಧ್ಯಾಹ್ನದ ಹೊತ್ತಿಗೆ ಉಳಿದವರೂ ಮುಗಿಬಿದ್ದರು. ನೋವಿನ ಎಣ್ಣೆಯವರು ಅವಳ ತೋಳಿನ ಚುರುಕು ಹೊಗಳಿದರು. ಚಪ್ಪಲಿಯವರು ಅವಳ ಬರಿಗಾಲಿಗೆ ತಮ್ಮ ಚಪ್ಪಲಿ ತೊಡಿಸಿದರು, ಫೋಟೋದಲ್ಲಿ. ಊರೆಲ್ಲ ನಕ್ಕಿತು. ಹಂಪಯ್ಯ ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ನಗುತ್ತ ಎದ್ದು ಕೂತವನು ಸಾಯುವುದು ಹೇಗೆ?

ಗುರುವಾರ ಹೆಂಗಸರೆಲ್ಲ ಕೂಡಿ ಸಾವ್ಕಾರನ ಮುಂದೆ ನಿಂತರು. ಸೂತಕವಿದ್ದರೂ ದುರ್ಗವ್ವ ಬಂದಿದ್ದಳು. ಸಾಹೇಬರು ಅಲ್ಲೇ ಕುರ್ಚಿಯಲ್ಲಿ ಕೂತು ಸಾವಿನ ವರದಿ ಬರೆಯುತ್ತಿದ್ದರು.

"ನೀರಿಲ್ಲದ ಸತ್ತ ಅಂತ ಬರೀರಿ," ಅಂದಳು ತಿಮ್ಮವ್ವ.

ಸಾವ್ಕಾರ ಫೋನು ತೆಗೆದು ಅದೇ ಆಟ ತೋರಿಸಿದ. "ಇದು ಯಾರ ದನಿ? ನಿಂದೇ ಹೌದಲ್ಲ? ಸಮಾಧಾನಲೆ ಕುಡದ ಅಂತ ನೀನೇ ಹೇಳೀದಿ. ನೀರಿಗಿ ಏನು ಕಮ್ಮಿ ಆಗಿತ್ತು? ಅವನ ಎದಿ ಮೊದಲೇ ಸುಮಾರಿತ್ತು."

ಸಾಹೇಬರು ತಲೆ ಎತ್ತದೆ ಬರೆದರು: ಹೃದಯದ ಕಾಯಿಲೆ, ಕುಡಿಯುವ ನೀರಿನ ವ್ಯವಸ್ಥೆ ಇತ್ತು.

ಸತ್ತವನ ಜೀವಕ್ಕೆಂದು ತಿಮ್ಮವ್ವ ಬಿಟ್ಟ ಮಾತು ಇವರ ಕೈಯಲ್ಲಿ ಸಾಕ್ಷಿಯಾಗಿ ಕೂತಿತ್ತು. ತಾನೇ ಅವನನ್ನು ಎರಡನೆಯ ಸಲ ಕೊಂದೆನೆಂದು ಅನ್ನಿಸಿತು ಅವಳಿಗೆ. ಮಾತು ಹಿಂದಕ್ಕೆ ತಗೊಳ್ಳಬೇಕು. ತಗೊಂಡರೆ ದುರ್ಗವ್ವನ ಮುಂದೆಯೇ ತಗೊಳ್ಳಬೇಕು.

ಅದೇ ಹೊತ್ತಿಗೆ ಸುಭಾಷನ ವ್ಯಾನು ಬಂತು. ಬಾಟಲಿಯ ಪೆಟ್ಟಿಗೆಗಳು, ಕ್ಯಾಮೆರಾ, ಶಾಲು, ಹಾರ.

"ಯವ್ವಾ, ಇವತ್ತೇ ಇನ್ನೊಂದು ತೆಗೀಬೇಕು. ನಾಳಿಗಿ ಜನ ಮರೀತಾರ, ಮತ್ತೊಂದು ಏನರ ಬಂದಿರ್ತದ. ನೀವು ಬಾಟ್ಲಿ ಹಿಡದು ಅದೇ ಮಾತು ಇನ್ನೊಮ್ಮಿ ಅಂದ್ರ ಆತು." ಅತ್ತಿತ್ತ ನೋಡಿ ಕೇಳಿದ, "ಎಲ್ಲಿ ಅವ್ರು, ಹಮಾಲಿ ಕಾಕಾ?"

ದಿಲ್ಶಾದ್ ದುರ್ಗವ್ವನ ಬೋಳು ಹಣೆಯತ್ತ ಕೈ ಮಾಡಿದಳು. ಸುಭಾಷನ ಮುಖ ಕಪ್ಪಿಟ್ಟಿತು. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ. ಕೇಳುವುದಕ್ಕೆ ಅವನ ಕೆಲಸದಲ್ಲಿ ಹೊತ್ತೆಲ್ಲಿದೆ?

"ಕ್ಯಾಮೆರಾ ಹಚ್ಚು ತಮ್ಮಾ," ಅಂದಳು ತಿಮ್ಮವ್ವ.

ದುರ್ಗವ್ವನ ಎರಡೂ ಕೈ ಹಿಡಿದುಕೊಂಡಳು.

"ಯಕ್ಕಾ, ಸುಳ್ಳು ಹೇಳೀನಿ ನಿನಗ. ಹಂಪಣ್ಣ ಕುಡೀಲಿಲ್ಲ. ಒಂದು ಹನಿ ಒಳಗ ಹೋಗಲಿಲ್ಲ. ಒಣಬಾಯಿಲೆ ಹೋದ."

ದುರ್ಗವ್ವ ಕೈ ಕೊಸರಿಕೊಳ್ಳಲಿಲ್ಲ.

"ಗೊತ್ತೈತಬೇ," ಅಂದಳು ಮೆಲ್ಲಗೆ. "ಮಾರಿ ಒರಸೂ ಮುಂದ ನೋಡೀನಿ. ನಾಲಿಗಿ ಕಟಿಗ್ಯಾಗಿತ್ತು. ನೀ ನನ್ನ ಸಲುವಾಗಿ ಹೇಳಿದಿ, ನಾ ನಿನ್ನ ಸಲುವಾಗಿ ನಂಬಿದೆ." ಆಮೇಲೆ ಸಾಹೇಬರತ್ತ ತಿರುಗಿದಳು. "ಈಗ ಬರೀರಿ ಯಪ್ಪಾ. ನನ್ನ ಗಂಡ ನೀರಿಲ್ಲದ ಸತ್ತ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ವರದಿ ಆಗಿಹೋಗಿದೆ."

ತಿಮ್ಮವ್ವ ಕಣದ ಮಧ್ಯಕ್ಕೆ ನಡೆದು, ಭತ್ತದ ಮೇಲೆಯೇ ಕೂತಳು. ದಿಲ್ಶಾದ್ ಹೋಗಿ ಪಕ್ಕದಲ್ಲಿ ಕೂತಳು. ಒಬ್ಬೊಬ್ಬರಾಗಿ ಎಂಟೂ ಜನ, ಜೊತೆಗೆ ದುರ್ಗವ್ವ. ನಿಂತು ನೋಡುತ್ತಿದ್ದ ಹಮಾಲಿಗಳು ಹೆಗಲ ಮೇಲಿನ ಚೀಲ ಇಳಿಸಿದರು.

"ಏಳ್ರೇ, ಭತ್ತ ಬಿರೀತದ, ಎಲ್ಲಾ ನುಚ್ಚಾಗ್ತದ," ಎಂದು ಸಾವ್ಕಾರ ಕೂಗಿದ.

"ಆಗಲಿ. ನಾವು ಹದಿನಾಲ್ಕು ದಿನದಿಂದ ನುಚ್ಚಾಗೀವಿ," ಅಂದಳು ದಿಲ್ಶಾದ್.

ಸುಭಾಷನ ಫೋನು ಗುಂಯ್‌ಗುಟ್ಟಿತು. ಹೆಡ್ಡಾಫೀಸು. ಕ್ಯಾಮೆರಾದ ಮುಂದೆ ನಡೆಯುವುದೆಲ್ಲ ಅಲ್ಲಿ ನೇರವಾಗಿ ಕಾಣುತ್ತಿತ್ತು. ಅವನು ಕೇಳಿಸಿಕೊಂಡು, ಸಂಕೋಚದಿಂದ ತಿಮ್ಮವ್ವನ ಹತ್ತಿರ ಬಂದ.

"ಯವ್ವಾ, ಹಳೇದನ್ನ ಅಳಿಸ್ತಾರಂತ. ಇದು ಇನ್ನೂ ಚಲೋ ಬರಾಕತ್ತದಂತ. ಹೆಣ್ಣುಮಕ್ಕಳ ಹೋರಾಟಕ್ಕ ತಂಪೋತ್ರಿ ಬೆಂಬಲ ಅಂತ ಹಾಕ್ತಾರಂತ. ಬಾಟ್ಲಿ ಒಂದೊಂದು ಕೈಯಾಗ ಹಿಡಕೋಬೇಕಂತ."

ತಿಮ್ಮವ್ವ ಎದ್ದಳು. ಅವನ ರಟ್ಟೆ ಹಿಡಿದು, ಕ್ಯಾಮೆರಾದ ಸಮೇತ ಅಂಗಳದ ಮೂಲೆಗೆ ಎಳೆದುಕೊಂಡು ಹೋದಳು. ತುಕ್ಕು ಹಿಡಿದ ನಲ್ಲಿಯನ್ನು ತಿರುಗಿಸಿದಳು. ಸೊಯ್ಯೆಂದು ಬಿಸಿಗಾಳಿ ಬಂತು. ಹಿಂದೆ ಒಂದಿಷ್ಟು ಧೂಳು.

"ತಗೋ ತಮ್ಮಾ," ಅಂದಳು. "ಎಲ್ಲಾದಕ್ಕೂ ಹೆಸರು ಅಂಟಸ್ತೀರಲ್ಲ. ಇದಕ್ಕ ಅಂಟಸ್ರಿ ನಿಮ್ಮ ಕಂಪನಿ ಹೆಸರು."

ಸುಭಾಷನ ಕಿಸೆಯಲ್ಲಿ ಫೋನು ಮತ್ತೆ ಮತ್ತೆ ಗುಂಯ್‌ಗುಟ್ಟಿತು, ಅವನು ಎತ್ತಲಿಲ್ಲ. ತಿಮ್ಮವ್ವ ನಲ್ಲಿಯನ್ನು ತೆರೆದೇ ಬಿಟ್ಟು, ಹಿಂದಿರುಗಿ ದುರ್ಗವ್ವನ ಪಕ್ಕ ಕೂತಳು. ಬಿಸಿಲು ನೆತ್ತಿಗೆ ಬಂದಿತ್ತು. ಕಣದ ತುಂಬ ಭತ್ತ ಚಟಚಟ ಬಿರಿಯುತ್ತಿತ್ತು, ಒಬ್ಬರೂ ಕಾಲು ಎಳೆಯಲಿಲ್ಲ.