ಟೋರ್ಕಿಲ್‌ನ ಅಪ್ಪಟ ಡ್ಯಾನಿಶ್ ಹಾಡು

ಊರಿನ ಸಭಾಭವನದಲ್ಲಿ ಚಳಿಗಾಲದುದ್ದಕ್ಕೂ ನಡೆಯುವ ಸಾಮೂಹಿಕ ಗಾಯನಕ್ಕೆ ಟೋರ್ಕಿಲ್‌ನದೇ ಯಜಮಾನಿಕೆ. ಬೆಣ್ಣೆ ಡೇರಿಯಿಂದ ನಿವೃತ್ತನಾದ ಮೇಲೆ ಅವನಿಗೆ ಉಳಿದಿದ್ದು ದೇಶದ ಮಾನ ಕಾಯುವ ಕೆಲಸವೊಂದೇ. ಆ ಭಾನುವಾರ ಮಗಳು ಸಿಸೆಲ್ ತಾನು ಮದುವೆಯಾಗಲಿದ್ದ ಯೋರಾನ್‌ನನ್ನು ಕರೆತಂದಳು. ಹುಡುಗ ಡ್ಯಾನಿಶ್ ಅಲ್ಲ, ಪಕ್ಕದ ದೇಶ ಸ್ವೀಡನ್ನಿನವನು. ಕೈಕುಲುಕುವಾಗಲೇ ಟೋರ್ಕಿಲ್‌ನ ಮುಖ ಹುಳ್ಳಗಾಯಿತು.

"ಇವತ್ತು ಅಪ್ಪಟ ಡ್ಯಾನಿಶ್ ಹಾಡು ಮಾತ್ರ!" ಎಂದು ಎದೆಯುಬ್ಬಿಸಿ ಸಾರಿದ.

ಬೀಚ್ ಮರಗಳ ಕಾಡನ್ನು ಕೊಂಡಾಡುವ ಹಾಡು ಶುರುವಾಯಿತು. ಯೋರಾನ್‌ನ ದನಿ ಎಲ್ಲರಿಗಿಂತ ಜೋರು. ಆದರೆ ರಾಗ ಅದೇ ಆದರೂ ಅವನು ಹಾಡುತ್ತಿದ್ದ ಮಾತುಗಳಲ್ಲಿ ಕಾಡೇ ಇರಲಿಲ್ಲ.

"ಏನಪ್ಪಾ ಅದು ಹಾಡ್ತಿರೋದು?"

"ನಮ್ಮಜ್ಜ ಉಪ್ಪುಮೀನು ತಿನ್ನೋವಾಗ ಹಾಡ್ತಿದ್ದಿದ್ದು ಮಾವ. ರಾಗ ನಮ್ದೇ!"

"ಹೌದು, ಅವರದ್ದೇ," ಎಂದಳು ಪಿಯಾನೋ ನುಡಿಸುತ್ತಿದ್ದ ಮುದುಕಿ ಇಂಗೆಬೋರ್.

"ಗೊತ್ತಿದ್ರೂ ಯಾಕೆ ಹೇಳ್ಲಿಲ್ಲ?"

"ನೀನು ಅಳ್ತೀಯ ಅಂತ."

ಟೋರ್ಕಿಲ್ ಸರಸರನೆ ಕಡಲಿನ ಹಾಡಿಗೆ ಹಾರಿದ. "ಅದು ಜರ್ಮನ್ನರದು," ಎಂದಳು ಇಂಗೆಬೋರ್.

"ಹಂಗಾದ್ರೆ ನಮ್ದು ಅಂತ ಏನಿದೆ?"

"ಕಾಫಿ!" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

"ಅದು ಬ್ರೆಜಿಲ್‌ದು ಕಣೋ!"

ಟೋರ್ಕಿಲ್ ಕೆಂಪಗಾದ. ಕೊನೆಗೆ ತಾನೇ ಕಟ್ಟಿ, ತಾನೇ ರಾಗ ಹಾಕಿದ್ದ ಹಾಡನ್ನು ಹೊರತೆಗೆದ. ಕಪ್ಪು ಬ್ರೆಡ್ಡಿಗೆ ಸವರುವ ಲಿವರ್ ಪೇಸ್ಟಿನ ಗುಣಗಾನ ಅದು. ರಾಗ ಏಣಿ ಹತ್ತಿದ ಹಾಗೆ ಮೇಲೇರಿತು, ಇಳಿಯುವುದನ್ನು ಮರೆಯಿತು. ಗಂಟಲುಗಳು ಒಂದೊಂದಾಗಿ ಕೈಕೊಟ್ಟವು. ಬೆಂಚಿನ ಕೆಳಗೆ ಮಲಗಿದ್ದ ನಾಯಿ ಎದ್ದು ಊಳಿಟ್ಟಿತು.

ಹಾಡು ಹೇಗೋ ಮುಗಿಯಿತು. ಇಂಗೆಬೋರ್ ಕನ್ನಡಕ ಒರೆಸಿಕೊಂಡಳು. "ಇದು ಮಾತ್ರ ನಮ್ದೇ. ಬೇರೆ ಯಾವ ದೇಶದವರೂ ಕೇಳ್ಕೊಂಡು ಬರಲ್ಲ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೋರ್ಕಿಲ್ ಸೆಟೆದುಕೊಂಡು ಬಾಗಿಲ ಕಡೆ ಹೊರಟ. ಯೋರಾನ್ ಅಡ್ಡ ಬಂದ.

"ಮಾವ, ಎರಡನೇ ಚರಣ ಇನ್ನೊಂದ್ಸಲ ಹೇಳ್ಕೊಡ್ತೀರಾ? ಆ ಮೇಲಿನ ಸ್ವರ ನಂಗೆ ಸಿಗ್ಲೇ ಇಲ್ಲ."

ಟೋರ್ಕಿಲ್ ಅವನ ಮುಖವನ್ನೇ ದಿಟ್ಟಿಸಿ ನೋಡಿದ. ಗೇಲಿ ಕಾಣಲಿಲ್ಲ. ಇಷ್ಟು ವರ್ಷದಲ್ಲಿ ತನ್ನ ಹಾಡನ್ನು ಇನ್ನೊಂದು ಸಲ ಹಾಡು ಎಂದವರೇ ಇರಲಿಲ್ಲ. "ಕೂತ್ಕೋ ಮಗಾ," ಎಂದು ಕುರ್ಚಿ ಎಳೆದ.

ಸ್ವಲ್ಪ ಹೊತ್ತಿಗೆಲ್ಲ ಇಬ್ಬರೂ ಕಿಟಕಿ ಗಾಜು ನಡುಗುವಂತೆ ಅರಚುತ್ತಿದ್ದರು. ಸಿಸೆಲ್ ಕಿವಿ ಮುಚ್ಚಿಕೊಂಡು ಇಂಗೆಬೋರ್ ಪಕ್ಕಕ್ಕೆ ಬಂದಳು.

"ಮದುವೇಲೂ ಇದನ್ನೇ ಹಾಡ್ತಾರಾ?"

"ಹಾಡ್ದೇ ಬಿಡ್ತಾರಾ! ನಾನಂತೂ ಅವತ್ತು ಬೆರಳು ಉಳುಕಿಸ್ಕೊಂಡಿರ್ತೀನಿ."