ಕಿವಿಯ ಹಿಂದೆ ಸರಿಸಿದ ಕೂದಲು

"ಇದು ತಪ್ಪು. ಹಾಳೆಯಲ್ಲಿ ಇರೋ ಹಾಗೇ ಮಾಡೋಕೆ ಹೇಳಿ," ಎಂದರು ಮೇಡಂ, ಕೈಯಲ್ಲಿದ್ದ ಪಟ್ಟಿಯಿಂದ ತಲೆ ಎತ್ತದೆ.

ಅತ್ತಿಗೆ ಹೇಳಲಿಲ್ಲ. ಕ್ಯಾಮೆರಾದ ಎದುರು ಸ್ಟೂಲಿನ ಮೇಲೆ ಕೂತಿದ್ದ ನಾದಿನಿ ಅವಳ ಮುಖವನ್ನೇ ನೋಡುತ್ತಿದ್ದಳು. ನಾದಿನಿಗೆ ಹುಟ್ಟಿನಿಂದ ಕಿವಿ ಕೇಳದು. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ. ಸನ್ನೆಗಳ ನಿಘಂಟನ್ನು ಮೊಬೈಲಿಗೆ ತರುತ್ತಿದ್ದೇವೆ, ಯಾವ ದೇಶದಲ್ಲಿದ್ದವರೂ ನೋಡಿ ಕಲಿಯಬಹುದು ಎಂದು ಮೇಡಂ ಅವಳನ್ನೂ, ಮಾತು ತಿಳಿಸಲು ಅತ್ತಿಗೆಯನ್ನೂ ಕರೆಸಿದ್ದರು. ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ದೂರದ ಚಳಿದೇಶದ ಸಲಹೆಗಾರರೊಬ್ಬರಿದ್ದರು. ಅವರೂ ಕಿವಿ ಕೇಳದ ಮುದುಕರು. ಬೆಳಗ್ಗೆಯಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ. 'ನೀರು', 'ಬಾಗಿಲು', 'ಜ್ವರ' ಎಂದು ನಲವತ್ತು ಪದಗಳು ಸಲೀಸಾಗಿ ಮುಗಿದು, ಕೆಲಸ 'ಅಮ್ಮ'ನ ಹತ್ತಿರ ಬಂದು ನಿಂತಿತ್ತು.

ಹಾಳೆಯ ಚಿತ್ರದ ಪ್ರಕಾರ ಎರಡು ಬೆರಳು ಎದೆಗೆ ತಾಗಬೇಕು. ನಾದಿನಿ ಹಣೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಂತೆ ಕೈಯಾಡಿಸಿದ್ದಳು. ಅವಳು ಓದಿದ ಕಿವುಡ ಮಕ್ಕಳ ಹಾಸ್ಟೆಲಿನಲ್ಲಿ ಒಬ್ಬ ಆಯಾ ಇದ್ದಳಂತೆ. ಸಾಲಾಗಿ ನಿಂತ ಮೂವತ್ತು ಮಕ್ಕಳ ಕೂದಲನ್ನೂ ದಿನಾ ಬೆಳಗ್ಗೆ ಹಾಗೆ ಸರಿಸಿ, ಒಂದೊಂದು ಮುಖವನ್ನೂ ನೋಡಿಯೇ ಒಳಗೆ ಬಿಡುತ್ತಿದ್ದಳಂತೆ. ಮನೆ ಬಿಟ್ಟು ಬಂದ ಮಕ್ಕಳಿಗೆ ಅದೇ 'ಅಮ್ಮ' ಆಯಿತು. ಆ ಮಕ್ಕಳಲ್ಲಿ ಹಲವರು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ. ಅವರ ಮನೆಗಳಲ್ಲಿ ಅಮ್ಮ ಎಂದರೆ ಇಂದಿಗೂ ಅದೇ.

"ಹೇಳಿದ್ರಾ?"

ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಿಂದ ನಾದಿನಿಗೆ ಕಿವಿಯೂ ಬಾಯಿಯೂ ಅತ್ತಿಗೆಯೇ. ಡಾಕ್ಟರು ಗದರಿದರೆ 'ಹುಷಾರಾಗಿರಬೇಕಂತೆ' ಎಂದು ತಿರುಗಿಸುತ್ತಿದ್ದಳು. ಸಂಬಂಧ ಕೇಳಿಕೊಂಡು ಬಂದವರು "ಮೂಗಿ ನಮಗ್ಯಾಕೆ" ಎಂದು ಎದ್ದು ಹೋದಾಗ, 'ಊರು ದೂರ ಆಯ್ತಂತೆ' ಎಂದಿದ್ದಳು. ಒಳ್ಳೆಯದಕ್ಕೇ ಎಂದುಕೊಂಡಿದ್ದಳು. ಈಗಲೂ ಒಂದು ಸಣ್ಣ ಸುಳ್ಳು ಸಾಕಿತ್ತು: ಕ್ಯಾಮೆರಾಗೆ ಸರಿಯಾಗಿ ಕಾಣಲಿಲ್ಲವಂತೆ, ಹೀಗೆ ಮಾಡು. ಬೆರಳುಗಳು ಅದಕ್ಕೆ ಆಗಲೇ ಎದ್ದಿದ್ದವು. ಅವಳಿಗೆ ತನ್ನ ಕೈಗಳ ಮೇಲೇ ನಾಚಿಕೆಯಾಯಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. 'ನಿನ್ನ ಅಮ್ಮ ತಪ್ಪಂತೆ. ಹಾಳೆಯದ್ದು ಸರಿಯಂತೆ.'

ನಾದಿನಿಯ ಹುಬ್ಬು ಗಂಟಿಕ್ಕಿತು. ಹಾಳೆಯನ್ನು ಎಳೆದುಕೊಂಡು ನೋಡಿದಳು. ಅದನ್ನು ಮಗುಚಿ ಮೇಜಿನ ಮೇಲಿಟ್ಟು, ಸುಕ್ಕು ತೆಗೆಯುವಂತೆ ಅಂಗೈಯಿಂದ ಸವರಿ, ಮತ್ತೆ ಅದೇ ಸನ್ನೆ ಮಾಡಿದಳು. ಈ ಸಲ ಇನ್ನೂ ನಿಧಾನವಾಗಿ.

"ಒಬ್ಬೊಬ್ರು ಒಂದೊಂದು ಥರ ಮಾಡಿದ್ರೆ ಹೇಗಮ್ಮಾ? ನಾಲ್ಕು ದೇಶದವರು ಕಲಿಯೋದು ಇದು. ಗೊಂದಲ ಆಗಲ್ವಾ?"

"ನಾಲ್ಕು ದೇಶದ್ದು ಇವಳು ಕಲೀಬಹುದು ಅಂದ್ರೆ, ಇವಳದ್ದು ಒಂದು ಅವರೂ ಕಲೀಲಿ." ಆ ದನಿ ತನ್ನದೇ ಎಂದು ನಂಬಲು ಅತ್ತಿಗೆಗೆ ಒಂದು ಗಳಿಗೆ ಬೇಕಾಯಿತು. "ನಿಮ್ಮದರ ಪಕ್ಕದಲ್ಲಿ ಇದನ್ನೂ ಹಾಕಿ. ಆಗಲ್ಲ ಅಂದ್ರೆ ಆ ನಲವತ್ತನ್ನೂ ಅಳಿಸಿಬಿಡಿ, ನಾವು ಹೊರಟ್ವಿ."

"ನಿಮ್ಮನ್ನ ಕರೆಸಿದ್ದು ಹೇಳಿದ್ದನ್ನ ತಿಳಿಸೋಕೆ."

"ತಿಳಿಸಿದೀನಿ. ಅವಳ ಉತ್ತರಾನೂ ನೋಡಿದ್ರಲ್ಲ."

ಅಷ್ಟರಲ್ಲಿ ನಾದಿನಿ ಸ್ಟೂಲಿನಿಂದ ಎದ್ದು, ಲ್ಯಾಪ್‌ಟಾಪನ್ನು ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಿದ್ದಳು. ಮುದುಕರತ್ತ ಬೆರಳು ಮಾಡಿ, ಕೂದಲು ಸರಿಸಿ, ಹುಬ್ಬೇರಿಸಿದಳು. ನಿಮ್ಮ ಅಮ್ಮ?

ಮುದುಕರು ಬೆಚ್ಚಿದವರಂತೆ ನೆಟ್ಟಗೆ ಕೂತರು. ಎದೆಯತ್ತ ಒಯ್ದ ಎರಡು ಬೆರಳನ್ನು ಅರ್ಧದಲ್ಲೇ ಮಡಚಿದರು. ಆಮೇಲೆ ಎರಡೂ ಅಂಗೈಗೆ ಬಾಯಿಯಿಂದ ಬಿಸಿ ಉಸಿರು ಊದಿ, ಯಾರದೋ ಕೆನ್ನೆಗಳನ್ನು ಹಿಡಿದ ಹಾಗೆ ಗಾಳಿಯಲ್ಲಿ ಹಿಡಿದರು. ನಾದಿನಿ ನಕ್ಕಳು. ಅದನ್ನು ತಾನೂ ಮಾಡಿ ನೋಡಿ, ಸರಿಯೇ ಎಂದು ಕೇಳಿದಳು. ಅವರು ತಲೆಯಾಡಿಸಿ ಇನ್ನೇನೋ ಕೇಳಿದರು. ಅವಳು ಇನ್ನೇನೋ ಹೇಳಿದಳು. ಕೈಗಳ ವೇಗ ಹೆಚ್ಚಿತು. ಇಪ್ಪತ್ತೆರಡು ವರ್ಷ ಜೊತೆಗಿದ್ದ ಅತ್ತಿಗೆಗೂ ಅರ್ಧದಷ್ಟೇ ಸಿಕ್ಕುತ್ತಿತ್ತು.

"ಏನಂತೆ? ಏನು ಮಾತಾಡ್ತಿದಾರೆ?" ಮೇಡಂ ಪಟ್ಟಿಯನ್ನು ಕೆಳಗಿಟ್ಟು ಅತ್ತಿಗೆಯತ್ತ ಬಾಗಿದರು.

"ಮುಗೀಲಿ ತಾಳಿ. ಮಧ್ಯೆ ಬಾಯಿ ಹಾಕಬಾರದು."

ಕ್ಯಾಮೆರಾದವನು ಯಾರನ್ನೂ ಕೇಳದೆ ಕ್ಯಾಮೆರಾವನ್ನು ಲ್ಯಾಪ್‌ಟಾಪಿನತ್ತ ತಿರುಗಿಸಿದ. ಅಲ್ಲಿ ಮುದುಕರು ಕುರ್ಚಿಯನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಅವರ ಮುಖ ಪರದೆಯಿಂದ ಆಚೆ ಹೋಗಿ ಎರಡು ಕೈಗಳಷ್ಟೇ ಉಳಿದವು.