ರುಚಿ ನೋಡಿದ್ದೂ ಊಟವೇ

ಬಸ್ ನಿಲ್ದಾಣದ ಎದುರು ಒಂದು ಚಿಕ್ಕ ಮೆಸ್. ಅಲ್ಲಿಯ ಅಡುಗೆಯಾಕೆಯನ್ನು ಗಿರಾಕಿಗಳೆಲ್ಲ ಸೌಟಿನಕ್ಕ ಎಂದೇ ಕರೆಯುತ್ತಿದ್ದರು. ಗಂಡ ಸಾಮಾನು ತಂದು ಬಡಿಸುವವನು, ಅತ್ತೆ ಬಾಗಿಲ ಬಳಿ ಗಲ್ಲಾದಲ್ಲಿ ಕೂರುವವರು. ಸೌಟಿನಕ್ಕನ ಕೈರುಚಿ ಎಂಥದ್ದೆಂದರೆ, ಬಸ್ಸು ಹೊರಡುವ ಹೊತ್ತಾದರೂ ಡ್ರೈವರುಗಳು ತಟ್ಟೆ ಬಿಟ್ಟು ಏಳುತ್ತಿರಲಿಲ್ಲ.

ಊರಿಗೆಲ್ಲ ಉಣಿಸುವ ಆಕೆಗೆ ಮಾತ್ರ ಮೈಭಾರ, ಮಂಡಿನೋವು, ಸಾಲದ್ದಕ್ಕೆ ಸಕ್ಕರೆ ಕಾಯಿಲೆ. ಬೆಳಗಾದರೆ ಹೊಟ್ಟೆಗೆ ಇನ್ಸುಲಿನ್ ಸೂಜಿ. ತಾನೇ ಚುಚ್ಚಿಕೊಳ್ಳಲು ಧೈರ್ಯ ಸಾಲದೆ ಅತ್ತೆಯಿಂದ ಚುಚ್ಚಿಸಿಕೊಳ್ಳುತ್ತಿದ್ದಳು. ಪಥ್ಯ, ಮಾತ್ರೆ ಯಾವುದೂ ನಾಟದಿದ್ದಾಗ ಡಾಕ್ಟರು ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಸರ್ಜರಿ ಮಾಡಿದರು. ಆಮೇಲೆ ನೋಡಬೇಕಿತ್ತು ಆ ಮನೆಯ ಸಡಗರವನ್ನು. ತೂಕ ಇಳಿಯಿತು, ಸಕ್ಕರೆ ಇಳಿಯಿತು, ಡಾಕ್ಟರೇ ಸೂಜಿ ನಿಲ್ಲಿಸಿದರು. ಸೊಂಟಕ್ಕೆ ಸಾಲದಿದ್ದ ಏಪ್ರನ್ ದಾರ ಈಗ ಸುತ್ತಿ ಬಂದು ಮುಂದೆ ಗಂಟು ಹಾಕುವಷ್ಟು ಉಳಿಯಿತು. ಬಂದವರಿಗೆಲ್ಲ ಆಕೆ ಆ ಗಂಟು ತೋರಿಸಿದ್ದೇ ತೋರಿಸಿದ್ದು.

ವರ್ಷ ಕಳೆಯುವಷ್ಟರಲ್ಲಿ ದಾರ ಮತ್ತೆ ಗಿಡ್ಡವಾಯಿತು. ಒಂದು ದಿನ ಯಾರೂ ಇಲ್ಲದ ಹೊತ್ತು ನೋಡಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತಳು. ಮುಳ್ಳು ಏರಿತ್ತು. ನಾಚಿಕೆಯಿಂದ ಆಸ್ಪತ್ರೆಯ ತಪಾಸಣೆಯನ್ನೇ ತಪ್ಪಿಸಿದಳು.

ಅತ್ತೆಯ ಕಣ್ಣು ತಪ್ಪಿಸಲು ಆಗಲಿಲ್ಲ. "ನಾನು ಅವತ್ತೇ ಹೇಳ್ದೆ, ಹೊಟ್ಟೆಗೆ ಕತ್ತರಿ ಹಾಕಿಸ್ಬೇಡ ಅಂತ. ಒಳಗೆ ಹೊಲಿಗೆ ಸಡಿಲ ಆಗಿದೆ."

"ನಾನು ತಿನ್ನೋದು ಒಂದು ಚಿಕ್ಕ ಬಟ್ಟಲು ಅತ್ತೆ. ನೀವೇ ನೋಡ್ತೀರಲ್ಲ."

"ನೋಡ್ತಿರೋದಕ್ಕೇ ಹೇಳ್ತಿರೋದು. ಗುಬ್ಬಿ ಥರ ತಿಂದೂ ಮೈ ಬರ್ತಿದೆ ಅಂದ್ರೆ ಆಪರೇಷನ್ನೇ ಸರಿಯಿಲ್ಲ."

ಮಾತು ಒರಟು, ಒಳಗಿದ್ದದ್ದು ಭಯ. ಸೂಜಿ ಹಿಡಿಯುವ ಮುನ್ನ ಆ ಮುದುಕಿ ದಿನವೂ ದೇವರಿಗೆ ಕೈ ಮುಗಿಯುತ್ತಿದ್ದರು. ಮತ್ತೆ ಆ ದಿನಗಳು ಬಂದರೆ ಏನು ಗತಿ ಎಂದು ಅತ್ತೆ, ಸೊಸೆ ಇಬ್ಬರೂ ಒಳಗೊಳಗೇ ಬೇಯುತ್ತಿದ್ದರು.

ಅದೇ ಆಸ್ಪತ್ರೆಯ ಸಿಸ್ಟರ್ ಒಬ್ಬರು ಮೆಸ್ಸಿನ ಹಳೆಯ ಗಿರಾಕಿ. ಒಂದು ಮಧ್ಯಾಹ್ನ ಊಟ ಮುಗಿಸಿದವರು ಕೈ ತೊಳೆದು ನೇರ ಅಡುಗೆಮನೆಗೆ ಬಂದರು.

"ಯಾಕಕ್ಕ, ತಪಾಸಣೆಗೆ ಬರ್ಲೇ ಇಲ್ಲ?" ಎಂದು ಮೆಲ್ಲಗೆ ಕೇಳಿದರು.

"ಯಾವ ಮುಖ ಇಟ್ಕೊಂಡು ಬರ್ಲಿ ಸಿಸ್ಟರ್? ತೂಕ ಏರಿದೆ."

"ಏರಿದಾಗ್ಲೇ ಅಲ್ವಾ ಬರ್ಬೇಕಾದ್ದು? ಗಾಡಿ ಕೆಟ್ಟಿದೆ ಅಂತ ಗ್ಯಾರೇಜಿಗೆ ಹೋಗೋಕೆ ಯಾರಾದ್ರೂ ನಾಚ್ಕೋತಾರಾ?"

ಸೌಟಿನಕ್ಕ ನಕ್ಕಳು. ನಗುತ್ತಲೇ ಸೂಪಿನ ಪಾತ್ರೆಗೆ ಸೌಟು ಹಾಕಿ, ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಉಪ್ಪು ಹಾಕಿ ಮತ್ತೊಮ್ಮೆ ನೆಕ್ಕಿದಳು. ಹುರಿದ ಮೀನಿನ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು.

"ಈಗ ಏನು ತಿಂದ್ರಿ?" ಎಂದರು ಸಿಸ್ಟರ್.

"ನಾನಾ? ಏನೂ ಇಲ್ವಲ್ಲ. ರುಚಿ ನೋಡ್ದೆ ಅಷ್ಟೇ."

ಸಿಸ್ಟರ್ ಶೆಲ್ಫಿನಿಂದ ಒಂದು ಖಾಲಿ ಊಟದ ಡಬ್ಬಿ ಇಳಿಸಿ ಒಲೆಯ ಪಕ್ಕ ಇಟ್ಟರು. "ನಾಳೆ ಒಂದು ದಿನ ನನಗೋಸ್ಕರ ಇಷ್ಟು ಮಾಡಿ. ಬಾಯಿಗೆ ಎಷ್ಟು ಹಾಕ್ಕೋತೀರೋ ಅಷ್ಟನ್ನೇ ಈ ಡಬ್ಬಿಗೂ ಹಾಕಿ."

ಗಲ್ಲಾದಿಂದಲೇ ಅತ್ತೆ ಕೂಗಿದರು. "ರುಚಿ ನೋಡೋದಕ್ಕೂ ಲೆಕ್ಕವೇನಮ್ಮ? ರುಚಿ ನೋಡ್ದೆ ಬಡಿಸಿದ್ರೆ ಗಿರಾಕಿಗಳು ಪಕ್ಕದ ಹೋಟೆಲಿಗೆ ಹೋಗ್ತಾರೆ."

"ಒಂದೇ ದಿನ ಅಮ್ಮ. ಸುಳ್ಳಾದ್ರೆ ನನ್ನನ್ನ ಬೈಯಿರಿ."

ಮರುದಿನ ಹಾಗೇ ನಡೆಯಿತು. ಬಾಯಿಗೊಂದು ಚಮಚ, ಡಬ್ಬಿಗೊಂದು ಚಮಚ. ಸೂಪು, ಕಾಳು, ಅನ್ನದ ಅಗುಳು, ಮೀನಿನ ತುಣುಕು, ಸಿಹಿಗೆ ಕಾಸಿದ ಪಾಕ, ತಳ ಹಿಡಿದದ್ದನ್ನು ಕೆರೆದ ಚೂರು. ಊಟದ ಗದ್ದಲ ಇಳಿಯುವ ಹೊತ್ತಿಗೆ ಸಿಸ್ಟರ್ ಬಂದರು. ಡಬ್ಬಿಯ ಮುಚ್ಚಳ ಹಾಕಲು ಹೋದರೆ ಕೂರುತ್ತಿಲ್ಲ, ಅಷ್ಟು ತುಂಬಿದೆ.

ಗಂಡ ಇಣುಕಿ ನೋಡಿ ತಲೆ ಕೆರೆದುಕೊಂಡ. "ಇದು ನನ್ನ ಊಟಕ್ಕಿಂತ ಜಾಸ್ತಿ ಇದೆ ಕಣೇ."

ಅತ್ತೆ ಡಬ್ಬಿಯನ್ನು ಕೈಯಲ್ಲಿ ಎತ್ತಿ ಭಾರ ನೋಡಿದರು. "ಇಷ್ಟೂ ಇವಳ ಹೊಟ್ಟೆಗೆ ಹೋಯ್ತಾ? ಆ ಚಿಕ್ಕ ಹೊಟ್ಟೆಗೆ?"

"ಒಟ್ಟಿಗೆ ಹೋಗಿದ್ರೆ ಹೊಟ್ಟೆ ಸಾಕು ಅಂತಿತ್ತು ಅಮ್ಮ. ಚೂರು ಚೂರಾಗಿ ಹೋದ್ರೆ ಅದಕ್ಕೆ ಗೊತ್ತೇ ಆಗಲ್ಲ. ಹನಿ ಹನಿ ಗೂಡಿದ್ರೆ ಹಳ್ಳ ಅಲ್ವಾ?"

ಸೌಟಿನಕ್ಕ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಅಳುವೋ ನಗುವೋ ತಿಳಿಯದೆ, "ಹಾಗಾದ್ರೆ ಹೊಲಿಗೆ ಬಿಟ್ಟಿಲ್ವಾ ಸಿಸ್ಟರ್?" ಎಂದಳು.

"ಅದನ್ನ ಡಾಕ್ಟರೇ ನೋಡಿ ಹೇಳ್ಬೇಕು. ನಾಳೇನೇ ಬನ್ನಿ. ಅವರು ನಿಮ್ಮ ಕೈಗೆ ಆಪರೇಷನ್ ಅನ್ನೋ ಚೂಪಾದ ಚಾಕು ಕೊಟ್ಟಿದ್ದಾರೆ ಅಕ್ಕ, ತರಕಾರಿ ಹೆಚ್ಚಬೇಕಾದವರು ಮಾತ್ರ ನೀವೇ. ಅಂದ ಹಾಗೆ ವಿಟಮಿನ್ ಮಾತ್ರೆ ತಗೋತಿದ್ದೀರಾ?"

"ಚೆನ್ನಾಗಿದ್ದೀನಲ್ಲ ಅಂತ ಬಿಟ್ಟೆ."

"ಅಲ್ಲೇ ಎಡವಿದ್ದು. ಚಿಕ್ಕ ಹೊಟ್ಟೆಗೆ ಬೇಕಾದ ಸತ್ವವೆಲ್ಲ ಊಟದಿಂದಲೇ ಸಿಗಲ್ಲ. ಅದು ಜೀವನಪೂರ್ತಿ ತಗೋಬೇಕಾದ ಮಾತ್ರೆ."

ಮರುದಿನ ಡಾಕ್ಟರು ಪರೀಕ್ಷೆ ಮಾಡಿದರು. ಹೊಟ್ಟೆಯಲ್ಲಿ ಏನೂ ಕೆಟ್ಟಿರಲಿಲ್ಲ. ಆದರೆ ಸಕ್ಕರೆ ಗಡಿ ದಾಟಿ ನಿಂತಿತ್ತು. "ಮೂರು ತಿಂಗಳು ನೋಡೋಣ. ಇಳೀದಿದ್ರೆ ಸೂಜಿ ಮತ್ತೆ ಶುರು ಮಾಡ್ಬೇಕಾಗುತ್ತೆ" ಎಂದರು.

ಈಗ ಮೆಸ್ಸಿನಲ್ಲಿ ದೊಡ್ಡ ಪ್ರಶ್ನೆ ಎದ್ದಿತು. ರುಚಿ ನೋಡುವವರು ಯಾರು? ಗಂಡನಿಗೆ ಬಿಸಿನೀರು ಕೊಟ್ಟರೂ ಚೆನ್ನಾಗಿದೆ ಅನ್ನುತ್ತಾನೆ, ಅವನನ್ನು ನಂಬುವಂತಿಲ್ಲ. ಎಲ್ಲರ ಕಣ್ಣು ಅತ್ತೆಯ ಕಡೆ ತಿರುಗಿತು. ಮದುವೆಯಾಗಿ ಬಂದ ದಿನದಿಂದ ಸೊಸೆ ಮಾಡಿದ್ದರಲ್ಲೆಲ್ಲ ಹುಳುಕು ತೆಗೆದ ನಾಲಿಗೆ ಅದು. ಅದಕ್ಕಿಂತ ತಕ್ಕ ನಾಲಿಗೆ ಆ ಬೀದಿಯಲ್ಲೇ ಇರಲಿಲ್ಲ.

ಬಡಿಸುವ ಗಂಡನೇ ಗಲ್ಲಾವನ್ನೂ ನೋಡಿಕೊಂಡ, ಅತ್ತೆ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡರು. "ಉಪ್ಪು ಸಾಲದು." "ಹುಳಿ ಮುಂದಾಯ್ತು." "ಇದು ಪರವಾಗಿಲ್ಲ, ಬಡಿಸು." ಸೌಟಿನಕ್ಕ ಮಾಡುವುದು, ಅತ್ತೆ ಹೇಳುವುದು, ಗಿರಾಕಿಗಳು ಬೆರಳು ನೆಕ್ಕುವುದು. ಸೊಸೆಯ ಕೈ ಅಭ್ಯಾಸಬಲದಿಂದ ಬಾಯಿಯತ್ತ ಹೋದರೆ ಅತ್ತೆ ಗಂಟಲು ಸರಿ ಮಾಡುತ್ತಿದ್ದರು. ಇಬ್ಬರೂ ನಕ್ಕು ಮುಂದಿನ ಪಾತ್ರೆಗೆ ಹೋಗುತ್ತಿದ್ದರು.

ಊಟದ ಹೊತ್ತಿಗೆ ಸೊಸೆಯನ್ನು ಎದುರಿಗೆ ಕೂರಿಸಿಕೊಳ್ಳುವುದೂ ಅತ್ತೆಯ ಪಾಲಿಗೆ ಬಂತು. ಆಸ್ಪತ್ರೆಯಲ್ಲಿ ಹೇಳಿದಂತೆ ಮೊದಲು ಮೊಟ್ಟೆ, ಮೀನು ಅಥವಾ ಕಾಳು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. "ನುಣ್ಣಗಾಗೋ ಹಾಗೆ ಅಗಿ. ಬಸ್ಸೇನು ಹೊರಟಿಲ್ಲ," ಎನ್ನುವರು. ಊಟದ ನಡುವೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಸಿಹಿ ಪಾನೀಯ ಹತ್ತಿರಕ್ಕೂ ಇಲ್ಲ. ಸಂಜೆ ಒಲೆ ಆರಿದ ಮೇಲೆ ಇಬ್ಬರೂ ನಿಲ್ದಾಣ ಬಳಸಿಕೊಂಡು ನಡೆಯುತ್ತಿದ್ದರು. ಮೊದಮೊದಲು ಅತ್ತೆ ಮುಂದಿರುತ್ತಿದ್ದರು. ಬರಬರುತ್ತ "ನಿಧಾನ ಹೋಗೇ ಮಾರಾಯ್ತಿ" ಎಂದು ಹಿಂದಿನಿಂದ ಕೂಗುವಂತಾಯಿತು.

ಮೂರು ತಿಂಗಳು ತುಂಬಿದ ದಿನ ಮೆಸ್ಸಿಗೆ ಬೀಗ. ಮೂವರೂ ಆಸ್ಪತ್ರೆಗೆ ಹೋದರು. ಅತ್ತೆ ಮಾತ್ರ ಒಳಗೆ ಬರಲೊಲ್ಲರು, ಹೊರಗಿನ ಬೆಂಚಿನಲ್ಲಿ ಸೆರಗು ಹಿಂಡುತ್ತಾ ಕೂತರು. ಬಾಗಿಲು ತೆರೆದದ್ದೇ ತಡ, ಸೌಟಿನಕ್ಕ ಓಡಿಕೊಂಡೇ ಬಂದಳು. ಮಂಡಿನೋವಿನ ಸೊಸೆ ಓಡಿದ್ದನ್ನು ಅತ್ತೆ ನೋಡಿದ್ದು ಅದೇ ಮೊದಲು.

"ಸೂಜಿ ಬೇಡ ಅಂದ್ರು ಅತ್ತೆ. ಸಕ್ಕರೆ ಇಳಿದಿದೆ, ತೂಕಾನೂ ಇಳಿದಿದೆ. ಹೀಗೇ ನಡೆಸ್ಕೊಂಡು ಹೋಗು ಅಂದ್ರು."

ಅತ್ತೆ ಹಿಂಡುತ್ತಿದ್ದ ಸೆರಗು ಬಿಟ್ಟರು. ಸೊಸೆಯ ಎರಡೂ ಕೈ ಹಿಡಿದುಕೊಂಡು ಹಾಗೇ ಕೂತರು. ಅವತ್ತು ಆ ನಾಲಿಗೆಗೆ ಎಲ್ಲೂ ಒಂದು ತಪ್ಪೂ ಸಿಗಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮಗೋ ನಿಮ್ಮ ಮನೆಯವರಿಗೋ ಈ ಆಪರೇಷನ್ ಆಗಿದೆಯೇ? ಚೂರುಪಾರು ತಿಂದದ್ದನ್ನೂ ಊಟ ಎಂದೇ ಎಣಿಸಿ. ಮಾತ್ರೆ ಬಿಡಬೇಡಿ, ನಡಿಗೆ ಬಿಡಬೇಡಿ. ಮನೆಯವರೇ, "ಇನ್ನೊಂಚೂರು ತಿನ್ನು" ಎಂದು ಒತ್ತಾಯಿಸುವ ಬದಲು ಜೊತೆಗೆ ಕೂತು ನಿಧಾನವಾಗಿ ಉಣ್ಣಿ. ತೂಕ ಮತ್ತೆ ಏರಿದ್ದರೆ ಅದು ನಾಚಿಕೆಯ ಮಾತಲ್ಲ, ಡಾಕ್ಟರ ಹತ್ತಿರ ಹೇಳಬೇಕಾದ ಮಾತು. ತಪ್ಪಿಸಿಕೊಂಡ ತಪಾಸಣೆ ಇದ್ದರೆ ನಾಳೆಯೇ ಹೋಗಿ. ಯಾಕೆ ತಡವಾಯಿತು ಎಂದು ಬೈಯಲು ಅಲ್ಲಿ ಯಾರೂ ಕೂತಿಲ್ಲ. ಬಂದಿರಲ್ಲ, ಸದ್ಯ ಎನ್ನುವವರು ಇದ್ದಾರೆ.